ಕೂಸಿಲ್ಲದ ಬಾಣಂತನ

ನಾಲವಾರ
೭ ಡಿಸೆಂಬರ್ ೨೦೨೫, ರವಿವಾರ

ನನ್ನ ಮಗಳು ಮೈತ್ರಿಗೆ,

ನಿಮ್ಮವ್ವ ಸುಂದರಮ್ಮ ಮಾಡುವ ಜೈಭೀಮ್ ಮತ್ತು ಆಶೀರ್ವಾದ. ಇಲ್ಲಿ ನಾನು, ನಿಮ್ಮಪ್ಪ ಇಬ್ಬರೂ ಆರಾಮ ಇದ್ದೀವಿ ಅಂತ ಬರೀಬೇಕು, ಹಂಗ ರಿವಾಜ ಅದ. ನಿಮ್ಮಪ್ಪ ಆರಾಮ ಇದ್ದಾರ. ನನ್ನದು ಮುಂದ ಬರೀತೀನಿ.

ಭಾಳ ತಡಾ ಆತು, ತಪ್ಪಾತು. ನಿನ್ನ ಕಲಬುರಗಿ ದವಾಖಾನಿಂದ ಶಹಾಬಾದಕ್ಕ ಬಿಟ್ಟು ಬಂದು ಎರಡು ತಿಂಗಳಾಗ್ಲಿಕ್ಕೆ ಬಂತು. ಫೋನ್ ಹಚ್ಚಿದ್ರ ನೀ ಎತ್ತಂಗಿಲ್ಲ. ರತ್ನದೀಪ ಎತ್ತಿ, "ಅತ್ತೀ, ಮೈತ್ರಿ ಮಲಗ್ಯಾಳ್ರಿ" ಅಂತಾನ. ಮುಂಜಾನಿ ಹಚ್ಚಿದ್ರೂ ಮಲಗ್ಯಾಳ, ಮಧ್ಯಾಹ್ನ ಹಚ್ಚಿದ್ರೂ ಮಲಗ್ಯಾಳ. ಪಾಪ, ಅವನಿಗೆ ಸುಳ್ಳ ಹೇಳಲಿಕ್ಕೆ ಬರಂಗಿಲ್ಲ. ಹಿಂದ ನೀ ಭಾಂಡಿ ತಿಕ್ಕೋ ಸಪ್ಪಳ, ನಿನ್ನ ಕೈಬಳಿ ಸಪ್ಪಳ ನನಗ ಕೇಳಸ್ತಿರ್ತದ. ಅದನ್ನ ಕೇಳ್ಕೋತ ಜರಾ ಹೊತ್ತು ಫೋನ್ ಹಿಡ್ಕೊಂಡು ನಿಂದರ್ತೀನಿ, ಆಮ್ಯಾಲ ಇಡ್ತೀನಿ.

ಪತ್ರಾನರೆ ಬರೀಬೇಕಂತ ಕುಂತ್ರ ಅದೂ ಬರಂಗಿಲ್ಲ ನೋಡು. ಹದಿನೇಳು ವರ್ಷ ಆಶಾ ಕೆಲಸ ಮಾಡಿ ಕೈ ಪೂರಾ ಕೆಟ್ಟದ. ನಿನಗ ಬರೀಲಿಕ್ಕೆ ಪೆನ್ ಹಿಡಿದ್ರ ಅದು ತಾನಾಗೇ "ಮಾನ್ಯರೇ, ವಿಷಯ:" ಅಂತ ಬರೀತದ. ನಿಮ್ಮಪ್ಪ ನೋಡಿ ನಕ್ಕರು. "ಮಗಳಿಗೆ ಅರ್ಜಿ ಹಾಕ್ಲಿಕತ್ತಿಯೇನ?" ಅಂದ್ರು. ಹೌದು, ಅರ್ಜಿನೇ ಹಾಕ್ಲಿಕತ್ತೀನಿ. ಮನಿಗೆ ಬಾ ಅಂತ ಅರ್ಜಿ.

ಊರ ಸುದ್ದಿ ಹೇಳ್ತೀನಿ ತಡಿ. ನಿನ್ನಿ ಡಿಸೆಂಬರ್ ಆರು, ಓಣ್ಯಾಗ ಎಲ್ಲರೂ ಮೇಣಬತ್ತಿ ಹಚ್ಚಿದ್ರು. ಹೋದ ವರ್ಷ ನಿನ್ನ ಸಣ್ಣಾಕಿ ಊದಿ ಆರಿಸಿದ್ಳಲ್ಲ, ಅದನ್ನ ನೆನೆಸಿ ಎಲ್ಲರೂ ಕೇಳಿದ್ರು, "ಮೈತ್ರಿ ಬಂದಿಲ್ಲೇನ್ರಿ?" ತೊಗರಿ ರಾಶಿ ಶುರು ಆಗ್ಯಾದ, ಹೆಣ್ಮಕ್ಕಳೆಲ್ಲ ಹೊಲ್ದಾಗ, ಮನಿಮನಿಗೆ ಹೋದ್ರ ಕೋಳಿ ಬಿಟ್ಟು ಯಾರೂ ಸಿಗಂಗಿಲ್ಲ. ನಿಮ್ಮಪ್ಪ ರೈಲ್ವೇದಿಂದ ರಿಟೈರ್ ಆಗಿ ನಾಕು ವರ್ಷಾದ್ರೂ ದಿನಾ ಸ್ಟೇಷನ್‌ಗೆ ಹೋಗಿ ಗಾಡಿ ಟೈಮಿಗೆ ಬಂತೋ ಇಲ್ಲೋ ನೋಡಿ ಬರ್ತಾರ. ಯಾರು ಕೇಳ್ಯಾರ ಅವರಿಗೆ? ನೋಡದಿದ್ರ ಚಾ ಇಳಿಯಂಗಿಲ್ಲ. ಈ ಪತ್ರಾನೂ ಅವರೇ ತರ್ತಾರ. ಟಪಾಲಿಗೆ ಹಾಕಿದ್ರ ನೀ ತೆಗಿಯೋದಿಲ್ಲ ಅಂತ ನನಗ ಸಂಶೆ. ಅಪ್ಪನ ಎದುರಿಗೆ ಓದದೆ ಇರಂಗಿಲ್ಲ ನೀ.

ಈಗ ನನ್ನ ಮಾತು. ನಡುಮನ್ಯಾಗ ನಿನ್ನ ಹೊರಸು ಹಾಕೀನಿ ಮೈತ್ರಿ. ಹಗ್ಗ ಸಡ್ಲಾಗಿತ್ತು, ಬಿಗಿಸೀನಿ. ವಾಡಿ ಬಜಾರಿಂದ ಅಂಟು, ಅಳ್ವಿ, ಉತ್ತತ್ತಿ, ಕೊಬ್ಬರಿ ಎಲ್ಲಾ ತಂದು ಉಂಡಿ ಕಟ್ಟೀನಿ, ಡಬ್ಬಿ ತುಂಬ ಅವ. ಬಚ್ಚಲದಾಗ ರತ್ನದೀಪ ತಾನೇ ಪಾಲಿಶ್ ಮಾಡಿ ತಂದು ಹಾಕಿದ ಫರಸಿಕಲ್ಲು ಒಂದು ಅಲುಗಾಡ್ತಿತ್ತು, ನೀ ಜಾರಬಾರದಂತ ಕೂಡ್ರಿಸೀನಿ. ಎಣ್ಣಿ ಕಾಸಿಟ್ಟೀನಿ. ನಿನ್ನ ಬಾಣಂತನ ಮಾಡ್ಬೇಕು ನಾ.

ಓಣ್ಯಾಗ ಮಂದಿ ಉಂಡಿ ವಾಸನಿ ಹಿಡದು ಕೇಳ್ತಾರ, "ಯಾರು ಹಡದಾರ ಸುಂದರಕ್ಕ ನಿಮ್ಮನ್ಯಾಗ?" ನನ್ನ ಮಗಳು ಅಂದ್ರ ಮಾರಿ ಮಾರಿ ನೋಡ್ಕೋತಾರ. ಒಬ್ಬಾಕಿ ಅಂದೇ ಬಿಟ್ಳು, "ಹೊಟ್ಟಿ ಹೋದದ್ದಕ್ಕ ಯಾರರೆ ಬಾಣಂತನ ಮಾಡ್ತಾರೇನ್ರಿ? ಕೂಸು ಎಲ್ಲದ?" ನನಗ ಸಿಟ್ಟು ನೆತ್ತಿಗೇರಿತು. ಜೈತುನ್ಬೀ ಖಾಲಾ ಅಲ್ಲೇ ಕುಂತಿದ್ಳು. ನಿನ್ನ ಹೊಕ್ಕಳ ಕೊಯ್ದಾಕಿ, ಈಗ ಕಣ್ಣು ಕಾಣಂಗಿಲ್ಲ ಆಕಿಗೆ, ಬಾಯಿ ಮಾತ್ರ ಚೂಪ ಅದ. ಆಕಿ ಅಂದ್ಳು, "ಕೂಸಿಗಲ್ಲ ಬೇ ನೀರು ಎರೆಯೋದು, ಮೈಗೆ. ಆ ಹುಡುಗಿದು ಮೈ ಹಸೀ ಅದನೋ ಇಲ್ಲೋ?"

ನಿನ್ನ ಎರಡೂ ಬಾಣಂತನ ಈ ಮನ್ಯಾಗೇ ಆದ್ವು. ದೊಡ್ಡಾಕಿ ಹುಟ್ಟಿದಾಗ ಬಿಸಿನೀರು ಎರದ್ರ, "ಅವ್ವಾ, ನನ್ನ ಕುದಸ್ಲಿಕತ್ತಿಯೇನ ಬೇ!" ಅಂತ ಸ್ಟೇಷನ್ ತನಕ ಕೇಳೋಹಂಗ ಚೀರಿದ್ದಿ. ಊರ ಬಾಣಂತ್ಯಾರಿಗೆಲ್ಲ ಹೊಗಿ ಹಾಕಬ್ಯಾಡ್ರಿ, ಕೂಸಿಗೆ ಛಲೋ ಅಲ್ಲ ಅಂತ ಬೈಯಾಕಿ ನಾನೇ, ನಿನ್ನ ಹೊರಸಿನ ಕೆಳಗ ಮಾತ್ರ ಕದ್ದು ಕೆಂಡದ ಬುಟ್ಟಿ ಇಡ್ತಿದ್ದೆ. ಆ ಬೆಳ್ಳೊಳ್ಳಿ ವಾಸನಿ, ಎಣ್ಣಿ ವಾಸನಿ, ನಿನ್ನ ತೊಯ್ದ ಕೂದಲದ ವಾಸನಿ ನನಗ ಬೇಕಾಗ್ಯಾದ. ಹಸುವಾದಂಗ ಆಗ್ತದ. ಉಂಡು ಕುಂತ್ರೂ ಹೋಗಂಗಿಲ್ಲ.

ನೀ ಯಾಕ ಬರವಲ್ಲಿ ಅಂತ ನನಗ ಗೊತ್ತದ. ಅದನ್ನೂ ಬರೀತೀನಿ. ನಿನಗ ಅರ್ಧಾ ಗೊತ್ತಿಲ್ಲ.

ಹೋದ ವರ್ಷ ನಮ್ಮ ಕಡಿ ಒಂದು ಸ್ಕ್ಯಾನ್ ಸೆಂಟರಿಗೆ ಸೀಲ್ ಬಿತ್ತು. ಹೊಟ್ಟ್ಯಾಗಿಂದು ಗಂಡೋ ಹೆಣ್ಣೋ ಹೇಳ್ತಿದ್ರಂತ. ಸೀಲ್ ಹಾಕಿದ್ದು ಛಲೋನೇ ಆತು, ಅದಕ್ಕ ನಾ ಏನೂ ಅನ್ನಂಗಿಲ್ಲ. ಆಮ್ಯಾಲ ಆಶಾದವರ ಮೀಟಿಂಗಿನ್ಯಾಗ ತಾಲೂಕಿನ ಸಾಹೇಬ್ರು ಹೇಳಿದ್ರು, ಎರಡು ಹೆಣ್ಣಿದ್ದ ಬಸುರ್ಯಾರ ಮ್ಯಾಲ ಕಣ್ಣಿಡ್ರಿ, ಬರೆಸಿದ ಬಸಿರು ನಡುವ ಮಾಯ ಆದ್ರ ಹೆಸರು ಕೊಡ್ರಿ. ನಿಮ್ಮವ್ವಗ ಅಷ್ಟು ಹೇಳಿದ್ರ ಮುಗೀತಲ್ಲ. ನಾ ಒಂದು ಹೆಜ್ಜಿ ಮುಂದ ಹೋದೆ. ಅಂಥವರ ತಾಯಿ ಕಾರ್ಡಿನ ಮೂಲಿಗೆ ಒಂದು ಕೆಂಪು ಚುಕ್ಕಿ ಇಟ್ಟೆ. ಮ್ಯಾಲಿನವರು ಯಾರೂ ಇಡು ಅಂದಿದ್ದಿಲ್ಲ, ಪೂರಾ ನನ್ನದೇ ತಲಿ. ಪ್ರತಿ ಸೋಮವಾರ ಚುಕ್ಕಿ ಇದ್ದವರ ಮನಿಗೆ ಹೋಗೋದು, ಎಲ್ಲರ ಮುಂದ ಹೊಟ್ಟಿ ಮ್ಯಾಲ ಕೈ ಇಟ್ಟು, "ಅದನೋ ಇಲ್ಲೋ?" ಅನ್ನೋದು. ನಕ್ಕೋತ ಅಂತಿದ್ದೆ. ಅವರೂ ನಗ್ತಿದ್ರು. ಹೆದರಿ ನಗ್ತಿದ್ರು ಅನ್ನೋದು ನನಗೆಲ್ಲಿ ತಿಳೀಬೇಕು.

ಸಾಹೇಬ್ರಿಗೆ ಚುಕ್ಕಿ ಭಾಳ ಪಸಂದ ಬಿತ್ತು. "ಸುಂದರಮ್ಮನಂಗ ಎಲ್ಲರೂ ಮಾಡ್ರಿ" ಅಂದ್ರು. ಚಿತ್ತಾಪುರದ ಕಡಿ ಆಶಾದವರು ಶುರು ಮಾಡಿದ್ರು, ಅವರನ್ನ ನೋಡಿ ವಾಡಿಯವರು, ಆಮ್ಯಾಲ ಶಹಾಬಾದದವರು. ಮೈತ್ರಿ, ನಿನ್ನ ಕಾರ್ಡಿನ ಮ್ಯಾಲ ಕೆಂಪು ಚುಕ್ಕಿ ಇತ್ತಲ್ಲ, ನಿಮ್ಮ ಓಣಿ ಆಶಾ ಇಟ್ಟದ್ದು, ಅದು ನನ್ನ ಚುಕ್ಕಿ. ನಾಲವಾರದಾಗ ಹುಟ್ಟಿ ನಿನ್ನ ತನಕ ಬಂದದ.

ನಿನಗ ಆ ಕೂಸು ಬೇಕಾಗಿತ್ತು. "ಅವ್ವಾ, ಇದೂ ಹೆಣ್ಣಾದ್ರ ಮೂವರಿಗೂ ಒಂದೇ ಥರಾ ಫ್ರಾಕ್ ಹೊಲಿಸ್ತೀನಿ, ಫೋಟೋ ತೆಗೆಸ್ತೀನಿ" ಅಂದಿದ್ದಿ. ನಾನೇ, "ಏನ ಬೇ, ಬ್ಯಾಂಡ್ ಬಾಜಾದವರೇನು ಒಂದೇ ಥರಾ ಅರಿವಿ ಹಾಕ್ಲಿಕ್ಕೆ" ಅಂತ ನಕ್ಕಿದ್ದೆ. ಇಷ್ಟು ಗೊತ್ತಿದ್ದಾಕಿ ನಾ.

ಆ ವಾರದ್ದೆಲ್ಲ ರತ್ನದೀಪ ನನಗ ಆಮ್ಯಾಲ ಹೇಳಿದ. ದಸರಾ ಮುಗಿದು ನಾಕು ದಿನಕ್ಕ, ಸೋಮವಾರ, ನಿನಗ ರಕ್ತ ಕಾಣಿಸ್ಕೊಂತು. ನಾಕು ತಿಂಗಳು ತುಂಬಿತ್ತು. ನೀ ಯಾರಿಗೂ ಹೇಳದೆ ಅರಿವಿ ಮಡಚಿಟ್ಕೊಂಡು ಅಡಗಿ ಮಾಡಿದಿ. ಬುಧವಾರ ಅವನಿಗೆ ತಿಳಿದು ಖಾಸಗಿ ದವಾಖಾನಿಗೆ ಒಯ್ದ. ಅಲ್ಲಿ ನರ್ಸು ಕಾರ್ಡು ನೋಡಿ, ಚುಕ್ಕಿ ಮ್ಯಾಲ ಬೆರಳಿಟ್ಟು ಡಾಕ್ಟರಿಗೆ ತೋರ್ಸಿದ್ಳಂತ. ಡಾಕ್ಟರ್, "ಮೊದಲ ಏನು ಗುಳಿಗಿ ನುಂಗಿದಿ ಹೇಳು" ಅಂದ್ರಂತ. ನುಂಗಿಲ್ಲ ಅಂದ್ರ ನಂಬಲಿಲ್ಲ. "ನಾ ಹೊಟ್ಟಿ ತೊಳದ್ರ ನಾಳಿ ನನ್ನ ಬಾಗಿಲಿಗೆ ಸೀಲ್ ಬೀಳ್ತದ, ಕಲಬುರಗಿ ಸರಕಾರಿ ದವಾಖಾನಿಗೆ ಒಯ್ರಿ" ಅಂದು ಮುಟ್ಟಲಿಲ್ಲ. ಕಲಬುರಗಿಗೆ ಹೋದ್ರ ಪೊಲೀಸ್ ಕೇಸ್ ಆಗ್ತದಂತ ಅಲ್ಲೇ ಯಾರೋ ಅಂದ್ರು, ನೀವು ಹೆದರಿ ಮನಿಗೆ ಬಂದ್ರಿ. ಗುರುವಾರ ರತ್ನದೀಪ ಹೊಟ್ಟಿ ತೊಳಿಯೋ ಗುಳಿಗಿಗಂತ ಮೂರು ಮೆಡಿಕಲ್ ಅಡ್ಡಾಡಿದ. "ಆ ಗುಳಿಗಿ ಇಡೋದೇ ಬಿಟ್ಟೀವ್ರಿ, ಯಾರಿಗೆ ಬೇಕು ಆ ತಂಟಿ" ಅಂದ್ರಂತ. ಶುಕ್ರವಾರ ನಿನಗ ಚಳಿ ಹತ್ತಿ ಹಲ್ಲು ಕಟಕಟ ಅಂದಾಗ, ಕೇಸ್ ಆಗ್ಲಿ ಏನರೆ ಆಗ್ಲಿ ಅಂತ ಗಾಡಿ ಮಾಡಿ ಒಯ್ದ. ಮಗನ ಹಂತಾವ ಅವ. ಅವನ ಮ್ಯಾಲ ನನಗ ಒಂದು ಮಾತಿಲ್ಲ.

ನೀ ಸರಕಾರಿ ದವಾಖಾನಿಗೆ ಮೊದಲೇ ಯಾಕ ಹೋಗಲಿಲ್ಲ ಅಂತ ಎಲ್ಲರೂ ಕೇಳ್ತಾರ. ನಾ ಕೇಳಂಗಿಲ್ಲ.

ಕೂಸು ಹೊಟ್ಟ್ಯಾಗ ಸತ್ತು ಎರಡು ವಾರ ಆಗಿತ್ತಂತ. ನಂಜು ಏರಿತ್ತು. ಜೀವ ಉಳಸ್ಲಿಕ್ಕೆ ಗರ್ಭಚೀಲಾನೇ ತೆಗೆದ್ರು. ವಾರ್ಡಿನ್ಯಾಗ ನೀ ಕಣ್ಣು ತೆಗದು "ಅವ್ವಾ" ಅಂದಿ. ಹದಿನೇಳು ವರ್ಷ ಊರ ಹೆಣ್ಮಕ್ಕಳಿಗೆ ಧೈರ್ಯ ಹೇಳಿದಾಕಿ ನಾ ಏನಂದೆ? "ಖರೆ ಹೇಳು, ಎಲ್ಲೆರೆ ತೋರ್ಸಿದ್ದಿಯೇನ? ಏನರೆ ತಗೊಂಡಿದ್ದಿಯೇನ?" ಅಂದೆ. ನೀ ಮಾರಿ ಗ್ವಾಡಿ ಕಡಿ ತಿರಿವಿದಿ. ಅವತ್ತು ತಿರಿವಿದ ಮಾರಿ ನಾ ಇನ್ನೂ ನೋಡಿಲ್ಲ.

ಅಲ್ಲಿಯ ಡಾಕ್ಟರಮ್ಮ ನನ್ನ ಹೊರಗ ಕರದು ಬೈದ್ರು. "ನೀವು ಆಶಾ ಇದ್ದೀರಿ, ನಿಮಗೂ ಗೊತ್ತಿಲ್ಲೇನ್ರಿ? ಕಾಯ್ದೆದಾಗ ಬಂದ್ ಇರೋದು ಗಂಡೋ ಹೆಣ್ಣೋ ನೋಡೋದು. ತಾನಾಗೇ ಹೋದ ಹೊಟ್ಟಿ ತೊಳಿಯೋದಕ್ಕ ಯಾರ ಅಡ್ಡಿನೂ ಇಲ್ಲ. ಬ್ಯಾಡಾದ ಬಸಿರು ತೆಗಿಯಾಕೂ ಕಾಯ್ದೆದಾಗ ದಾರಿ ಅದ. ನೀವೆಲ್ಲ ಸೇರಿ ಎಲ್ಲಾನೂ ಬಂದ್ ಮಾಡಿಟ್ಟೀರಿ. ಬುಧವಾರವೇ ತೊಳದಿದ್ರ ಈ ಹುಡುಗಿ ಚೀಲ ಉಳಿಯೋ ಭರವಸಿ ಇತ್ತು." ನಾ ಗೋಣು ಹಾಕಿ ನಿಂತೆ. ಆಕಿ ನನ್ನ ಮಗಳ ವಯಸ್ಸಿನಾಕಿ. ನಿಂದರಬೇಕಾಗಿತ್ತು, ನಿಂತೆ.

ಊರಿಗೆ ಬಂದು ಒಂದು ವಾರ ಮನಿ ಬಿಟ್ಟು ಹೊರಗ ಬೀಳಲಿಲ್ಲ. ಜೈತುನ್ಬೀ ಖಾಲಾ ಗ್ವಾಡಿ ಹಿಡ್ಕೋತ ಬಂದು ಕುಂತ್ಳು. "ಒಂದು ಮಾತು ಅಂತೀನಿ, ಸಿಟ್ಟಾಗಬ್ಯಾಡ. ಮೊದಲ ನೀ ಬಂದ್ರ ಹೆಣ್ಮಕ್ಕಳು ಹೊಟ್ಟಿ ತೋರಸ್ತಿದ್ರು. ಈಗ ನೀ ಬಂದಿ ಅಂದ್ರ ಸೆರಗು ಎಳ್ಕೋತಾರ" ಅಂದ್ಳು. ಯಾರು ಖಾಲಾ ಅಂದೆ. "ಅಂಬಿಗರ ಅಂಬಿಕಾಂದು ಆರು ತಿಂಗಳು. ನಿನಗ ಗೊತ್ತದನು?" ಅಂದ್ಳು. ನನಗ ಗೊತ್ತಿದ್ದಿಲ್ಲ ಮೈತ್ರಿ! ಎರಡು ಓಣಿ ಆಚಿಗೆ ದತ್ತುನ ಹೆಂಡತಿ, ಎರಡು ಹೆಣ್ಣು, ಆರು ತಿಂಗಳು, ಒಂದು ಗುಳಿಗಿಲ್ಲ, ಒಂದು ಇಂಜೆಕ್ಷನ್ ಇಲ್ಲ.

ಹೋದೆ. ನನ್ನ ದನಿ ಕೇಳಿ ಹಿಂದಿನ ಬಾಗಿಲಿಂದ ಹೊಲದ ಕಡಿ ನಡದ್ಳು, ಕಾಲು ಬಾತು ಓಡಲಿಕ್ಕೂ ಬರವಲ್ದು. ನಾ ಅಂಗಳದಾಗ ನೆಲಕ್ಕ ಕುಂತು, "ಅಂಬಿಕಾ, ಕಾರ್ಡ್ ತಂದಿಲ್ಲ, ಪೆನ್ ತಂದಿಲ್ಲ, ರಕ್ತದ ಗುಳಿಗಿ ತಂದೀನಷ್ಟೇ" ಅಂತ ಕೂಗಿದೆ. ಭಾಳ ಹೊತ್ತಾದ ಮ್ಯಾಲ ಬಂದು ದೂರ ನಿಂತ್ಳು. "ನಿಮ್ಮ ಮಗಳನ್ನೇ ಬಿಡಲಿಲ್ಲ ನೀವು, ನನ್ನ ಬಿಡ್ತೀರೇನ್ರಿ?" ಅಂದ್ಳು. ಅಳು ಬಂತು ನನಗ. ಅಂಗಳದಾಗೇ ಅತ್ತೆ. ಆಕಿನೇ ನೀರು ತಂದುಕೊಟ್ಳು. ಮರುದಿನ ಚಿತ್ತಾಪುರಕ್ಕ ಕರ್ಕೊಂಡು ಹೋದೆ, ರಕ್ತ ಆರೇ ಇತ್ತು. ಈಗ ಎರಡು ಸಲ ಕಬ್ಬಿಣಾಂಶದ ಸಲೈನ್ ಏರ್ಯಾದ, ಎಂಟಕ್ಕ ಬಂದದ. ನನ್ನ ಊರಾಗಿನ ಚುಕ್ಕಿ ಎಲ್ಲಾ ಅಳಿಸಿ ಹೊಸಾ ಕಾರ್ಡ್ ಬರಕೊಟ್ಟೀನಿ. ಮೀಟಿಂಗಿನ್ಯಾಗೂ ಎದ್ದು ಹೇಳಿದೆ, "ಚುಕ್ಕಿ ತಂದಾಕಿ ನಾ, ಇದು ತಪ್ಪದ, ತೆಗೀರಿ" ಅಂತ. ಸಾಹೇಬ್ರು "ನೋಡೋಣು" ಅಂದ್ರು. ಬ್ಯಾರೆ ಊರಾಗ ಇನ್ನೂ ಇಡ್ಲಿಕತ್ಯಾರ. ಹರಡೋವಾಗ ಆ ಚುಕ್ಕಿ ನನ್ನ ಕೇಳಲಿಲ್ಲ, ಈಗ ಕೇಳ್ತದನು?

ನಿಮ್ಮ ಓಣಿ ಆಶಾ ಮೂರು ಸಲ ನಿನ್ನ ಬಾಗಿಲಿಗೆ ಬಂದು, "ಬಸಿರು ಏನಾತು, ಬರಿಬೇಕಾಗ್ಯಾದ" ಅಂತ ಕೇಳಿದ್ಳಂತ. ಅದಕ್ಕೇ ನೀ ಹೊಲಿಗಿ ತೆಗಸ್ಲಿಕ್ಕೆ ಹೋದಾಕಿ ಮತ್ತ ದವಾಖಾನಿ ಮೆಟ್ಲು ಹತ್ತಿಲ್ಲ ಅಂತ ರತ್ನದೀಪ ಅಂದ. ಜ್ವರ ಬಂದು ಹೋಗ್ತದಂತ, ಉಣ್ಣಂಗಿಲ್ಲಂತ. ಮೈತ್ರಿ, ಆ ಆಶಾಗ ನಾ ಡಾಕ್ಟರಮ್ಮನ ಚೀಟಿ ಒಯ್ದು ತೋರ್ಸಿ ಬಂದೀನಿ, ಇನ್ನ ಬರಂಗಿಲ್ಲ ಆಕಿ. ನಿಮ್ಮ ಓಣಿ ತನಕ ಬಂದು ನಿನ್ನ ಬಾಗಿಲು ಬಡೀಲಿಕ್ಕೆ ನನಗ ಕೈ ಬರಲಿಲ್ಲ. ಮೂಲಿ ತನಕ ಬಂದು ಹಗ್ಗದ ಮ್ಯಾಲ ಒಣಗಿದ ಸಣ್ಣಾಕಿ ಲಂಗ ನೋಡಿ ಹೊಳ್ಳಿ ಬಂದೆ.

ಇಲ್ಲಿ ಬಾ. ನನ್ನ ಮುಂದ ಮಾತಾಡಬ್ಯಾಡ, ಬೇಕಾದ್ರ ಬಾಣಂತನದ ಐದು ತಿಂಗಳೂ ಗ್ವಾಡಿ ಕಡಿ ಮಾರಿ ಮಾಡಿ ಮಲಗು. ನಾ ಬೆನ್ನಿಗೇ ಎಣ್ಣಿ ಹಚ್ತೀನಿ. ಹುಡುಗ್ಯಾರ ಸಾಲಿ ಬಗ್ಗೆ ಫಿಕರ್ ಮಾಡಬ್ಯಾಡ, ನಿಮ್ಮಪ್ಪ ದಿನಾ ಗಾಡ್ಯಾಗ ಕರ್ಕೊಂಡು ಹೋಗಿ ಬರ್ತಾರ, ಅವರಿಗೆ ಅದರಕಿಂತ ಖುಷಿ ಏನದ? ಜ್ವರಕ್ಕ ಕಲಬುರಗಿ ಡಾಕ್ಟರಮ್ಮನ ಹಂತೇಕ ನಾ ಒಯ್ತೀನಿ. ಅವರು ಒಂದು ಪ್ರಶ್ನಿನೂ ಕೇಳಂಗಿಲ್ಲ, ನಾನೂ ಕೇಳಂಗಿಲ್ಲ, ಯಾರಿಗೂ ಕೇಳಗೊಡಂಗಿಲ್ಲ.

ನಿನ್ನ ಮೈ ಗಟ್ಟಿಯಾಗ್ಲಿ. ನಿನ್ನ ಎರಡೂ ಹೆಣ್ಣು ದೊಡ್ಡ ಓದು ಓದಿ, ಯಾರಿಗೂ ಹೆದರದೆ ಬೆಳೀಲಿ. ರತ್ನದೀಪಗ ಆ ಕಲ್ಲಿನ ಧೂಳಾಗ ಬಾಯಿಗೆ ಅರಿವಿ ಕಟ್ಕೊ ಅನ್ನು. ಬುದ್ಧ ಭಗವಾನ ನಿಮ್ಮ ಮನಿಗೆ ಶಾಂತಿ ಕೊಡ್ಲಿ.

ನಿನ್ನ ದಾರಿ ಕಾಯ್ಕೋತ ಕುಂತಾಕಿ,
ನಿಮ್ಮವ್ವ
ಸುಂದರಮ್ಮ

ತಾ.ಕ.: ನಿಮ್ಮಪ್ಪ ಅಂಗಿ ಹಾಕ್ಕೊಂಡು ಬಾಗಿಲದಾಗ ನಿಂತಾರ, ಗಾಡಿ ಟೈಮ್ ಆತಂತ. ಖರೆ ಇದೊಂದು ಬರೀದೆ ಮಡಚಿದ್ರ ಮ್ಯಾಲ ಬರೆದದ್ದೆಲ್ಲ ಸುಳ್ಳ ಆಗ್ತದ. ಸೋಮವಾರದ್ದು ಬರೆದೆ, ಬುಧವಾರದ್ದು ಬರೆದೆ, ಮಂಗಳವಾರ ಬಿಟ್ಟೆ. ಮಂಗಳವಾರ ಹನ್ನೊಂದಕ್ಕ ನಾ ಚಿತ್ತಾಪುರದ ಮೀಟಿಂಗಿನ್ಯಾಗಿದ್ದೆ. ಸಾಹೇಬ್ರು ಆಗಷ್ಟೇ ನನಗ ಶಾಲು ಹೊದಿಸಿ, "ಇವರ ಊರಾಗ ಒಂದು ಬಸಿರೂ ಮಾಯ ಆಗಿಲ್ಲ" ಅಂದಿದ್ರು. ಆವಾಗ ನಿನ್ನ ಫೋನ್ ಬಂತು. "ಅವ್ವಾ, ನಮ್ಮ ಓಣ್ಯಾಗ ಒಬ್ಬಾಕಿಗೆ ನಾಕು ತಿಂಗಳಿಗೇ ರಕ್ತ ಹೋಗ್ಲಿಕತ್ತದ, ಎರಡು ಹೆಣ್ಣವ. ಅಂಥಾಕಿ ಸರಕಾರಿ ದವಾಖಾನಿಗೆ ಹೋದ್ರ ಏನ ಮಾಡ್ತಾರ?" ಅಂತ ಕೇಳಿದಿ. ನಾ ಸಾಹೇಬ್ರಿಗೆ ಕೇಳ್ಲಿ ಅಂತ ಜೋರಾಗಿ, "ಮೊದಲ ಹೆಸರು ಬರೀತೀವಿ, ದವಾ ಆಮ್ಯಾಲ" ಅಂದೆ. ಅಲ್ಲಿದ್ದವರೆಲ್ಲ ನಕ್ಕರು. ನೀ "ಹೂಂ" ಅಂದು ಇಟ್ಟಿ. ಅದು ಓಣ್ಯಾಗಿನ ಯಾರದೋ ಮಾತು ಅಂತ ತಿಳಿದಿದ್ದೆ ಅಂತ ರತ್ನದೀಪನ ಮುಂದ ಹೇಳೀನಿ, ನಿಮ್ಮಪ್ಪನ ಮುಂದೂ ಹೇಳೀನಿ. ಸುಳ್ಳ ಮೈತ್ರಿ. ನೀ "ಅವ್ವಾ" ಅಂದ ದನಿಗೇ ನನಗ ತಿಳಿದಿತ್ತು, ರಕ್ತ ಹೋಗ್ಲಿಕತ್ತಿದ್ದು ನಿನಗೇ ಅಂತ. ತಿಳಿದೇ ಅಂದೆ.